ಬೀಡಿ ಬಿಟ್ಟವನ ಕಾಲು

ಕುಣಿಮಗ್ಗದ ಮೇಲೆ ಕೂತವನು ಬೀಡಿ ಹಚ್ಚುವಂತಿಲ್ಲ. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಡಿಯಲ್ಲಿರುವ ಹಲಗೆಗಳನ್ನು ಎಡ ಬಲ, ಎಡ ಬಲ ತುಳಿಯುತ್ತ, ಎದುರಿಗೆ ಬಿಗಿದ ನೂಲಿನ ಮುಂದೆ ಕೂತಿರುತ್ತೇವೆ. ಒಂದು ಕಿಡಿ ಹಾರಿ ಬಿದ್ದರೆ ಮುಗಿಯಿತು, ಅರ್ಧ ನೆಯ್ದ ಸೀರೆಗೆ ತೂತು. ಅದಕ್ಕೇ ಬೀಡಿ ಬೇಕಾದವನು ಲಾಳಿ ಬದಿಗಿಟ್ಟು, ಕುಣಿಯಿಂದ ಕಾಲೆಳೆದುಕೊಂಡು ಎದ್ದು, ಹೊಸ್ತಿಲು ದಾಟಿ ಹೊರಗಿನ ಕಟ್ಟೆಗೆ ಬರಬೇಕು. ಮೀಸೆ ಚಿಗುರಿದಾಗಿನಿಂದ ನಾನು ಹಾಗೆ ಎದ್ದೆದ್ದು ಬಂದವನು. ಒಂದು ಗೇಣು ನೆಯ್ದರೆ ಒಂದು ಬೀಡಿ. ದಾರ ಹರಿದರೆ ಒಂದು ಬೀಡಿ. ಸೀರೆಯಂಚಿನ ದಡಿ ಸರಿಯಾಗಿ ಕೂತರೆ ಆ ಖುಷಿಗೆ ಒಂದು, ಕೂರದಿದ್ದರೆ ಸಿಟ್ಟಿಗೆ ಇನ್ನೊಂದು. "ನೀವು ಸೀರಿ ನೇಯಾಕತ್ತೀರೋ ಬೀಡಿ ನೇಯಾಕತ್ತೀರೋ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು.

ಬನಹಟ್ಟಿಯಲ್ಲಿ ಈಗ ಕೈಮಗ್ಗ ಇಟ್ಟುಕೊಂಡವರು ಕಡಿಮೆ. ನಮ್ಮ ಓಣಿಯ ಎರಡೂ ಬದಿಗೆ ಪವರ್‌ಲೂಮುಗಳ ಕಟಕಟ. ಎದುರುಮನೆಯ ನನ್ನ ದೋಸ್ತ ತನ್ನ ಕೈಮಗ್ಗ ಕಿತ್ತುಹಾಕಿ ಪವರ್‌ಲೂಮು ಹೂಡಿ ಎಷ್ಟೋ ವರ್ಷವಾಯಿತು. "ಕರೆಂಟ ಹೋದಾಗಷ್ಟ ನಿನ್ನ ಮಗ್ಗದ ಸಪ್ಪಳ ಕೇಳ್ತೈತಿ ನೋಡಲೇ" ಎಂದು ಆತ ಚಾಷ್ಟಿ ಮಾಡುತ್ತಿದ್ದ. ಮಾಡಲಿ ಬಿಡಿ. ನನಗೆ ಬರುವ ವಿದ್ಯೆ ಇದೊಂದೇ. ಓದುವ ಚಟವೂ ಇತ್ತು, ರಬಕವಿಯ ವಾಚನಾಲಯದಿಂದ ಪುಸ್ತಕ ತಂದು ಕಟ್ಟೆಯ ಮೇಲೆ ಬೀಡಿಯ ಜೊತೆ ಓದುತ್ತಿದ್ದೆ. ಓದಿನಿಂದ ಯಾರ ಹೊಟ್ಟೆ ತುಂಬಿದೆ? ನಮ್ಮ ಹೊಟ್ಟೆ ತುಂಬಿಸಿದ್ದು ನನ್ನ ಕಾಲು. ಕೈಮಗ್ಗ ಎಂದು ಹೆಸರಿಟ್ಟ ಪುಣ್ಯಾತ್ಮ ಒಮ್ಮೆಯೂ ಮಗ್ಗದ ಮೇಲೆ ಕೂತವನಲ್ಲ. ಎರಡೂ ಕಾಲು ಆಡದಿದ್ದರೆ ನೂಲು ಬಾಯಿ ತೆರೆಯುವುದಿಲ್ಲ, ಲಾಳಿ ಒಂದು ಗೇಣೂ ಓಡುವುದಿಲ್ಲ.

ಒಂದು ಚಳಿಗಾಲದಲ್ಲಿ ಬಲಗಾಲಿನ ಹೆಬ್ಬೆರಳು ತಣ್ಣಗಾಯಿತು. ಬಿಸಿನೀರಿನಲ್ಲಿ ಅದ್ದಿದರೂ ಅದೊಂದು ಬೆರಳು ತಣ್ಣಗೇ. ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಮುಳ್ಳು ನೆಟ್ಟಿರಬೇಕು ಎಂದುಕೊಂಡು ಅರಿಶಿನ ಎಣ್ಣೆ ಹಚ್ಚಿದೆ. ಸಂತೆಗೆ ಹೋಗುವಾಗ ಮೀನಖಂಡ ಹಿಡಿದುಕೊಂಡು ನಡುದಾರಿಯಲ್ಲಿ ನಿಲ್ಲಬೇಕಾಗುತ್ತಿತ್ತು, ನಿಂತರೆ ಬಿಡುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ನಿಂತಾಗ ಏನು ಮಾಡುತ್ತಿದ್ದೆ? ಒಂದು ಬೀಡಿ ಹಚ್ಚುತ್ತಿದ್ದೆ. ಅಷ್ಟು ಶಾಣ್ಯಾ ಮನುಷ್ಯ ನಾನು.

ಉಗುರಿನ ಬದಿಯಲ್ಲಿ ಹುಣ್ಣಾಗಿ, ಅದು ಮಾಯದೆ ಇದ್ದಾಗ ಹೆಂಡತಿ ನನ್ನನ್ನು ಎಳೆದುಕೊಂಡು ಜಮಖಂಡಿಯ ಡಾಕ್ಟರರ ಬಳಿ ಹೋದಳು. ಅವರು ವಯಸ್ಸಾದವರು, ಮಾತು ಕಡಿಮೆ. ನನ್ನ ಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಏನನ್ನೋ ಹುಡುಕಿದರು. ಕೈಯ ನಾಡಿ ಹಿಡಿಯುವುದು ಗೊತ್ತು, ಕಾಲಿಗೂ ನಾಡಿ ಇರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

"ಸಿಗವಲ್ದು," ಎಂದರು. "ಬೀಡಿ ಎಷ್ಟ ಸೇದ್ತೀರಿ?"

"ಎಣಿಸಿಲ್ರಿ ಸಾಹೇಬ್ರ."

"ನಿಮ್ಮ ಕಾಲಿನ ರಕ್ತನಾಳ ಮುಚ್ಚಾಕತ್ತಾವ. ಮಾಡಿದ್ದು ಬೀಡಿ. ಬಿಟ್ರ ಕಾಲ ಉಳೀತಾವ. ಬಿಡಲಿಲ್ಲಂದ್ರ ಮೊದಲ ಬೆರಳ ಹೋಗ್ತೈತಿ, ಆಮ್ಯಾಲ ಪಾದ, ಆಮ್ಯಾಲ ಮೊಣಕಾಲಿನಮಟಾ. ಇದಕ್ಕ ಬ್ಯಾರೆ ಔಷಧ ಇಲ್ಲ. ಬೀಡಿ ಬೇಕೋ ಕಾಲ ಬೇಕೋ, ನೀವ ಹೇಳ್ರಿ."

"ಕಾಲ ಬೇಕ್ರಿ," ಎಂದಳು ಹೆಂಡತಿ, ನಾನು ಬಾಯಿ ತೆರೆಯುವ ಮೊದಲೇ.

ಜಮಖಂಡಿಯ ಬಸ್‌ಸ್ಟ್ಯಾಂಡಿನ ಪಕ್ಕದ ಗಟಾರಕ್ಕೆ ಬೀಡಿಯ ಕಟ್ಟು ಎಸೆದೆ. ಅವಳು ಬೆಂಕಿಪೆಟ್ಟಿಗೆಯನ್ನೂ ಕಸಿದುಕೊಂಡು ಎಸೆದಳು. ಮನೆಗೆ ಬಂದು ಒಲೆ ಹಚ್ಚಲು ಬೆಂಕಿಪೆಟ್ಟಿಗೆ ಇಲ್ಲದೆ ಎದುರುಮನೆಗೆ ಹೋಗಿ ಕೇಳಿದಳು. ಅವತ್ತು ಇಬ್ಬರೂ ನಕ್ಕೆವು.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ! ಬೀಡಿ ಸೇದದವರಿಗೆ ಇದು ತಿಳಿಯುವುದಿಲ್ಲ, ಸೇದುವವರಿಗೆ ಹೇಳಬೇಕಾಗಿಲ್ಲ. ಮುಂಜಾನೆ ಎದ್ದರೆ ಹೊಟ್ಟೆ ಸಡಿಲಾಗದು. ನಲವತ್ತು ವರ್ಷ ಬೀಡಿಯ ಹೊಗೆ ಒಳಗೆ ಹೋದ ಮೇಲೇ ಹೊಟ್ಟೆ ತನ್ನ ಕೆಲಸಕ್ಕೆ ಏಳುತ್ತಿತ್ತು, ಈಗ ಅದು ಮುಷ್ಕರ ಹೂಡಿತು. ಚಹಾ ಕುಡಿದರೆ ಕೈ ತಾನಾಗಿ ಅಂಗಿಯ ಕಿಸೆಗೆ ಹೋಗುತ್ತದೆ. ಕಿಸೆಯಲ್ಲಿ ಏನಿಲ್ಲ. ಅಲ್ಲಿಂದ ಕಿವಿಯ ಹಿಂದೆ ಹೋಗುತ್ತದೆ, ಅಲ್ಲಿಯೂ ಇಲ್ಲ. ಓಣಿಯಲ್ಲಿ ಯಾರೋ ಕಡ್ಡಿ ಗೀರಿದರೆ, ಅಷ್ಟು ಪವರ್‌ಲೂಮುಗಳ ಗದ್ದಲದಲ್ಲೂ ಆ ಸಪ್ಪಳ ನನಗೆ ಕೇಳುತ್ತಿತ್ತು. ಮೈಯೆಲ್ಲ ಇರುವೆ ಹರಿದಂತೆ. ತಲೆಯೊಳಗೆ ಒಂದೇ ಮಾತು: ಒಂದು, ಬರೀ ಒಂದು.

ಹೆಂಡತಿ ಲವಂಗ ಕೊಟ್ಟಳು, ಬಡೇಸೋಪು ಕೊಟ್ಟಳು, ಹುರಿದ ಶೇಂಗಾ ಕೊಟ್ಟಳು, ಬೆಲ್ಲದ ಚೂರು ಕೊಟ್ಟಳು. ಕಬ್ಬಿನ ಹಂಗಾಮು, ಊರ ತುಂಬ ಕಬ್ಬು. ದಿನವಿಡೀ ಕಬ್ಬು ತಿಂದು ತುಟಿ ಬಾಯಿ ಎಲ್ಲ ಸುಲಿದುಹೋಯಿತು. ರೊಟ್ಟಿ ತಿನ್ನಲಾಗದೆ ಅದರ ಸಿಟ್ಟನ್ನೂ ಅವಳ ಮೇಲೆ ತೀರಿಸಿದೆ. "ಇದೇನ ರೊಟ್ಟಿಯೋ ಚರ್ಮವೋ!" ಎಂದು ತಾಟು ಸರಿಸಿದೆ. ಅವಳೇನು ಕಡಿಮೆಯವಳಲ್ಲ. "ಬೀಡಿ ಬಿಟ್ರ ಮನಶ್ಯಾ ಹಿಂಗ ನಾಯಿ ಆಗ್ತಾನಂತ ಡಾಕ್ಟರ ಹೇಳಲಿಲ್ಲ ನೋಡ್ರಿ," ಎಂದಳು. ಆದರೂ ಸಂಜೆ ಹಾಲಿನಲ್ಲಿ ರೊಟ್ಟಿ ನೆನೆಸಿ ತಂದು ಮುಂದಿಟ್ಟಳು. ನಾನು ಸೇದಲಿಲ್ಲ. ಬೇಕಾದರೆ ಯಾವ ದೇವರ ಮುಂದೆಯಾದರೂ ನಿಲ್ಲಿಸಿ ಕೇಳಿ, ಆ ದಿನದಿಂದ ಇಂದಿನವರೆಗೆ ಒಂದೇ ಒಂದು ಬೀಡಿಯೂ ನನ್ನ ತುಟಿಗೆ ತಾಗಿಲ್ಲ.

ಮಗ್ಗದ ಕೆಲಸ ಮಾತ್ರ ಕೆಟ್ಟಿತು. ಎದ್ದು ಹೋಗಲು ನೆಪವಿಲ್ಲದೆ ಕೂತರೆ ಲಾಳಿ ತಪ್ಪುತ್ತಿತ್ತು, ದಾರ ಹರಿಯುತ್ತಿತ್ತು. ಹರಿದ ದಾರ ಗಂಟು ಹಾಕಲು ಬಗ್ಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಅಳುತ್ತಿರಲಿಲ್ಲ, ಕಣ್ಣು ತಾನೇ ಸುರಿಸುತ್ತಿತ್ತು.

ಅಂಥ ದಿನಗಳಲ್ಲಿ ಬೀಳಗಿಯಿಂದ ಕರೆ ಬಂತು. ಬೀಳಗಿ ನನ್ನ ಹೆಂಡತಿಯ ತವರು. ಅವಳ ತಮ್ಮನ ಮೊಮ್ಮಗುವಿಗೆ ತೊಟ್ಟಿಲು. ಮುಧೋಳದಲ್ಲಿ ಬಸ್ಸು ಬದಲಿಸಿ ಹೋದೆವು. ಊಟವಾದ ಮೇಲೆ ಪಡಸಾಲೆಯಲ್ಲಿ ಹಿರಿಯರೆಲ್ಲ ಗೋಡೆಗೊರಗಿ ಕೂತರು. ನಡುವೆ ಎಲೆಯಡಿಕೆಯ ತಾಟು ಬಂತು. ಎಲೆ, ಅಡಿಕೆ, ಸುಣ್ಣ, ಪಕ್ಕದಲ್ಲಿ ತಂಬಾಕು. ನಮ್ಮ ಕಡೆ ತಾಟಿನಲ್ಲಿ ತಂಬಾಕು ಇಲ್ಲದಿದ್ದರೆ ಬೀಗರು ಮುನಿಸಿಕೊಂಡು ಹೋಗುತ್ತಾರೆ. ಮದುವೆ ಇರಲಿ, ಮಣ್ಣು ಇರಲಿ, ತಂಬಾಕು ಕೊಟ್ಟರೇ ಬಂದವರನ್ನು ಮಾತಾಡಿಸಿದಂತೆ.

ನನ್ನ ಮಾವ ಎಂಬತ್ತು ದಾಟಿದವರು, ಬಿಳಿ ಪಟಕ, ಸೊಂಟದಲ್ಲಿ ಬಟ್ಟೆಯ ಚಂಚಿ. ಆ ಚಂಚಿಯೊಳಗೆ ಒಂದು ಅರೆಯಲ್ಲಿ ಎಲೆ, ಒಂದು ಅರೆಯಲ್ಲಿ ಅಡಿಕೆ, ಒಳಗಿನ ಅರೆಯಲ್ಲಿ ನಿಪ್ಪಾಣಿ ತಂಬಾಕು. ನನ್ನ ಮೋರೆ ನೋಡಿ, "ಯಾಕ್ರಿ ಅಳ್ಯಾರ, ಸೊರಗೀರಲ್ಲ?" ಎಂದರು.

"ಬೀಡಿ ಬಿಟ್ಟಾರಪ್ಪ," ಎಂದಳು ಅವರ ಮಗಳು. "ಡಾಕ್ಟರ ಬ್ಯಾಡಂದಾರ. ತಡಕೊಳ್ಳಾಕ ಆಗವಲ್ದು ಅವರಿಗೆ."

"ಭಾಳ ಛಲೋ ಆತು!" ಎಂದು ಮಾವ ಖರೇನೇ ಸಂತೋಷಪಟ್ಟರು. "ಬೀಡಿ ಅಂದ್ರ ಎದಿ ಸುಡೂದು. ಹೊಲಸ ಚಟ ಅದು." ಹಾಗೆನ್ನುತ್ತ ಅಂಗೈಯಲ್ಲಿ ಚೂರು ತಂಬಾಕು ಹಾಕಿಕೊಂಡು, ಉಗುರಿನ ತುದಿಯಿಂದ ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ, ಧೂಳು ಊದಿ, ನನ್ನ ಮುಂದೆ ಹಿಡಿದರು. "ತಗೋರಿ. ದವಡ್ಯಾಗ ಇಟಗೋರಿ. ಬೀಡಿ ನೆಪ್ಪ ಆಗಂಗಿಲ್ಲ."

ಮಾವ ತಾವೇ ತಿಕ್ಕಿ ಅಳಿಯನಿಗೆ ಕೊಟ್ಟ ತಂಬಾಕನ್ನು ಯಾವ ಅಳಿಯ ಬೇಡವೆಂದಾನು? ಮೊದಲು ಅವರ ಎದುರು ಕೂತು ತಿನ್ನುವುದೇ ಮರ್ಯಾದೆಯಲ್ಲ ಎಂದು ಅನುಮಾನಿಸಿದೆ. ಅವರು, "ನಾನ ಕೊಡಾಕತ್ತೇನಿ, ತಗೋರಿ" ಎಂದರು. ದವಡೆಯಲ್ಲಿ ಇಟ್ಟೆ. ತಲೆ ಒಮ್ಮೆ ಗಿರ್ ಎಂದಿತು. ಆಮೇಲೆ, ದೇವರೇ, ಎಷ್ಟೋ ದಿನಗಳ ಮೇಲೆ ಮೈ ನನ್ನದಾಯಿತು. ಇರುವೆಗಳೆಲ್ಲ ಇಳಿದುಹೋದವು. ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಕಣ್ಣು ಒರೆಸಿಕೊಂಡಳಂತೆ. ಹೊರಡುವಾಗ ಮಾವ ತಮ್ಮ ಇನ್ನೊಂದು ಚಂಚಿಯನ್ನೇ ತುಂಬಿ ನನ್ನ ಕೈಗೆ ಕೊಟ್ಟರು.

ಆ ಮೇಲಿನ ವರ್ಷ ನಮ್ಮ ಮನೆಯಲ್ಲಿ ಸುಖವಿತ್ತು ಎಂದರೆ ನಂಬಬೇಕು. ದವಡೆಯಲ್ಲಿ ತಂಬಾಕು ಇಟ್ಟುಕೊಂಡರೆ ಕುಣಿಯಿಂದ ಏಳುವ ಕೆಲಸವೇ ಇಲ್ಲ. ಕಿಡಿಯ ಭಯವಿಲ್ಲ, ಕಟ್ಟೆಗೆ ಹೋಗುವ ಹಂಗಿಲ್ಲ. ಬೆಳಗ್ಗೆ ಕಾಲು ಇಳಿಬಿಟ್ಟರೆ ಊಟಕ್ಕೇ ಏಳುವುದು. ಸೀರೆ ಮೊದಲಿಗಿಂತ ಬೇಗ ಮುಗಿಯತೊಡಗಿತು. ನೂಲು ಕೊಡುವ ಸಾವಕಾರ, "ಏನ್ರಿ, ವಯಸ್ಸ ಹಿಂದಕ ಹೊಂಟೈತೇನ್ರಿ?" ಎಂದು ಬೆನ್ನು ತಟ್ಟಿದ. ಹೆಂಡತಿ ಪೇಟೆಗೆ ಹೋದರೆ ತರಕಾರಿಗಿಂತ ಮೊದಲು ತಂಬಾಕು ತರುತ್ತಿದ್ದಳು. ಕೊಳೆತದ್ದು ಕೊಟ್ಟಿದ್ದಾನೋ ಎಂದು ಮೂಸಿ ನೋಡಿ ತರುತ್ತಿದ್ದಳು. ನಾನು ಲಾಳಿ ಹಿಡಿದು ಕೈ ಬಿಡುವಿಲ್ಲದಿದ್ದಾಗ ತಾನೇ ಸುಣ್ಣ ಹಚ್ಚಿ ತಿಕ್ಕಿ ಬಾಯಿಗೆ ಹಾಕುತ್ತಿದ್ದಳು. ಓಣಿಯವರ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದಳು: "ನಮ್ಮನಿಯವ್ರು ಬೀಡಿ ಬಿಟ್ಟು ವರ್ಷ ಆತು. ಗಂಡಸಂದ್ರ ಹಿಂಗಿರಬೇಕು." ಎದುರುಮನೆಯ ದೋಸ್ತನ ಹೆಂಡತಿ ತನ್ನ ಗಂಡನಿಗೆ ನನ್ನನ್ನು ತೋರಿಸಿ ಬೈಯುತ್ತಿದ್ದಳು. ಅವನು ಕಟ್ಟೆಯ ಮೇಲೆ ಬೀಡಿ ಸೇದುತ್ತ, "ನಿನ್ನಿಂದ ನನ್ನ ಮನ್ಯಾಗ ಶಾಂತಿ ಇಲ್ಲೋ ಮಾರಾಯಾ," ಎನ್ನುತ್ತಿದ್ದ.

ಆದರೆ ಹೆಬ್ಬೆರಳು ಮಾಯಲಿಲ್ಲ. ಕಪ್ಪಾಯಿತು, ಒಣಗಿತು. ನೋವೆಂದರೆ ಕಾಲನ್ನು ಕುಣಿಯಲ್ಲಿ ಇಳಿಬಿಟ್ಟರೆ ಕಡಿಮೆ, ಹಾಸಿಗೆಯ ಮೇಲೆ ಚಾಚಿದರೆ ಜೀವ ಹೋಗುವಷ್ಟು. ಜಮಖಂಡಿಯ ಡಾಕ್ಟರರು ಮಾತ್ರೆ ಬದಲಿಸಿದರು, ಪಟ್ಟಿ ಬದಲಿಸಿದರು. ಹೋದಾಗಲೆಲ್ಲ ಒಂದೇ ಪ್ರಶ್ನೆ: "ಬೀಡಿ?"

"ಇಲ್ರಿ ಸಾಹೇಬ್ರ. ಬಿಟ್ಟೇನ್ರಿ."

"ಖರೇನ?"

"ಖರೇನ್ರಿ. ದೇವರ ಆಣಿ."

ಅವರು ನನ್ನ ಬಾಯಿ ಮೂಸಿದಷ್ಟು ಹತ್ತಿರ ಬಂದು ನೋಡುತ್ತಿದ್ದರು. ಹೊಗೆಯ ವಾಸನೆ ಎಲ್ಲಿಂದ ಬರಬೇಕು? ತಂಬಾಕಿನ ವಾಸನೆಯೂ ಬರುವಂತಿರಲಿಲ್ಲ. ದವಾಖಾನೆಯ ಹೊರಗೆ ಒಂದು ನಳ ಇತ್ತು. ಒಳಗೆ ಹೋಗುವ ಮೊದಲು ತಂಬಾಕು ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ, ಕೈ ತೊಳೆದು, ಟವೆಲಿನಿಂದ ತುಟಿ ಒರೆಸಿಕೊಂಡೇ ಹೋಗುತ್ತಿದ್ದೆ. ಚಂಚಿಯನ್ನು ಹೆಂಡತಿಯ ಕೈಗೆ ಕೊಡುತ್ತಿದ್ದೆ. ಮುಚ್ಚಿಡುವ ಯೋಚನೆ ನಮ್ಮಿಬ್ಬರಿಗೂ ಇರಲಿಲ್ಲ. ಸ್ವಾಮಿಗಳ ಮುಂದೆ, ಮಾಸ್ತರರ ಮುಂದೆ, ಡಾಕ್ಟರರ ಮುಂದೆ ದವಡೆ ಉಬ್ಬಿಸಿಕೊಂಡು ನಿಲ್ಲಬಾರದು ಎಂದು ನಮ್ಮಪ್ಪ ಕಲಿಸಿದ್ದ. ಅಷ್ಟೇ. ಮರ್ಯಾದೆ ಅದು, ನಮ್ಮ ಹಾಳು ಮರ್ಯಾದೆ!

ಹೆಬ್ಬೆರಳು ತೆಗೆದರು. ಆಮೇಲೆ ಅದರ ಪಕ್ಕದ್ದು ಕಪ್ಪಾಗತೊಡಗಿತು. ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನನಗ ತಿಳಿವಲ್ದು," ಎಂದರು. "ಬೀಡಿ ಬಿಟ್ಟವರಿಗೆ ಇದು ಅಲ್ಲೇ ನಿಂದರತೈತಿ. ನಿಮಗ್ಯಾಕ ನಿಂದರವಲ್ದು?"

ಹೆಂಡತಿಗೆ ತಡೆಯಲಾಗಲಿಲ್ಲ. ಗಂಡನ ಮೇಲೆ ಅನುಮಾನ ಬಂತಲ್ಲ ಎಂದು ಅವಳಿಗೆ ಸಿಟ್ಟು. "ಸಾಹೇಬ್ರ, ನಾ ಹಗಲೆಲ್ಲ ಇವರ ಬಾಜೂ ಕುಂದರಾಕಿ. ಬೀಡಿ ಮುಟ್ಟಿಲ್ರಿ ಇವರು. ಬರೇ ತಂಬಾಕದ ಮ್ಯಾಲ ದಿನಾ ತಗದಾರ್ರಿ. ಎಷ್ಟ ತ್ರಾಸ ಪಟ್ಟಾರ ನಿಮಗೇನ ಗೊತ್ತು?" ಎಂದಳು.

ಡಾಕ್ಟರರು ಅವಳನ್ನು ನೋಡಿದರು. ಆಮೇಲೆ ನನ್ನನ್ನು. ಆಮೇಲೆ ಅವಳ ಕೈಯಲ್ಲಿದ್ದ ಚಂಚಿಯನ್ನು.

"ತಂಬಾಕ ತಿಂತೀರಿ?"

"ಹೌದ್ರಿ. ಬೀಡಿ ಬಿಡಾಕ," ಎಂದೆ.

"ಯಾವಾಗಿಂದ?"

"ಬೀಡಿ ಬಿಟ್ಟಾಗಿಂದ್ರಿ."

ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಅಲ್ರೀ, ಸುಟ್ಟರೂ ಅದ, ತಿಂದರೂ ಅದ! ರಕ್ತಕ್ಕ ಹೋಗೂದ ಒಂದ ವಿಷ! ಬೀಡಿಯಾಗ ಸೇದಿದ್ದಕ್ಕಿಂತ ಹೆಚ್ಚ ನೀವು ದವಡ್ಯಾಗ ಇಟಗೊಂಡು ಕುಂತೀರಿ, ಹಗಲೆಲ್ಲ!"

ನನಗೂ ಸಿಟ್ಟು ಬಂತು. "ಮೊದಲ ಹೇಳಬಾರದೇನ್ರಿ? ಬೀಡಿ ಬಿಡು ಅಂದ್ರಿ, ಬಿಟ್ಟೆ. ತಂಬಾಕ ಬಿಡು ಅಂತ ಒಂದ ಮಾತ ಹೇಳಿದ್ರ ಅದನ್ನೂ ಬಿಡ್ತಿದ್ದೆ!"

"ನೀವು ತಿಂತೀರಂತ ನನಗ ಹೆಂಗ ಗೊತ್ತಾಗಬೇಕು? ಬಂದಾಗೆಲ್ಲ ನಿಮ್ಮ ಬಾಯಿ ಸ್ವಚ್ಛ ಇತ್ತಲ್ಲ!"

"ನಿಮ್ಮ ಮುಂದ ತಂಬಾಕ ಇಟಗೊಂಡ ಬರಾಕಾಗ್ತೈತೇನ್ರಿ, ಸಾಹೇಬ್ರ? ತೊಳಕೊಂಡ ಬಂದೇನ್ರಿ," ಎಂದೆ.

ಡಾಕ್ಟರರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಹೊರಗೆ ನಳದ ನೀರು ಯಾರೋ ಬಿಟ್ಟುಹೋದದ್ದು ಹಾಗೇ ಸುರಿಯುತ್ತಿತ್ತು. ಅವರ ತಪ್ಪೋ, ನನ್ನ ತಪ್ಪೋ, ಮಾವನ ತಪ್ಪೋ ಎಂದು ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಯಾರದಾದರೇನು, ಹೋದದ್ದು ನನ್ನ ಕಾಲು.

ಬಸ್ಸಿನಲ್ಲಿ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಬನಹಟ್ಟಿ ಹತ್ತಿರ ಬಂದಾಗ, "ನಮ್ಮಪ್ಪ ಪ್ರೀತೀಲೆ ಕೊಟ್ಟಿದ್ದನ್ರಿ," ಎಂದಳು. "ನಾನೂ ಪ್ರೀತೀಲೆ ತಿಕ್ಕಿ ಕೊಟ್ಟೇನ್ರಿ." ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳ ಮೋರೆ ನೋಡಲಾಗಲಿಲ್ಲ.

ತಂಬಾಕು ಬಿಟ್ಟೆ. ಬೀಡಿ ಬಿಡುವಾಗ ಮಾವನ ಅಂಗೈ ಇತ್ತು. ತಂಬಾಕು ಬಿಡುವಾಗ ಹಿಡಿದುಕೊಳ್ಳಲು ಯಾವ ಅಂಗೈಯೂ ಇರಲಿಲ್ಲ. ಲವಂಗ, ಸೋಪು, ಕಬ್ಬು ಎಲ್ಲ ಮಕ್ಕಳಾಟ. ನೋವಿಗೆ ತಂಬಾಕು ಬೇಕು, ತಂಬಾಕಿಗೆ ಕಾಲು ಬೇಕು. ಹಾಸಿಗೆಯ ಮೇಲೆ ಕೂತು ಎರಡೂ ಕೈಯಿಂದ ಪಾದ ಹಿಡಿದುಕೊಂಡು ಹಿಂದೆ ಮುಂದೆ ತೂಗುತ್ತಿದ್ದೆ. ಸುಣ್ಣದ ಡಬ್ಬಿ ಕಂಡರೆ ಬಾಯಲ್ಲಿ ನೀರೂರುತ್ತಿತ್ತು. ಗೋಡೆಗೆ ಬಳಿದ ಸುಣ್ಣ ನೋಡಿದರೂ ಊರುತ್ತಿತ್ತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಮುಟ್ಟಲಿಲ್ಲ. ಈಗ ಮುಟ್ಟದಿದ್ದರೆ ಪಾದ ಉಳಿದೀತು ಎಂಬ ಆಸೆ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನದು ಹಾಗೆಯೇ ಆಯಿತು. ಕಪ್ಪು ಪಾದಕ್ಕೆ ಏರಿತು, ವಾಸನೆ ಬರತೊಡಗಿತು. ಬೆಳಗಾವಿಗೆ ಕರೆದುಕೊಂಡು ಹೋಗಿ ಮೊಣಕಾಲಿನ ಕೆಳಗೆ ತೆಗೆದರು.

ನೋಡಲು ಜನ ಬಂದರು. ಬೀಳಗಿಯಿಂದ ಮಾವ ಕೋಲೂರುತ್ತ ಬಂದರು. ನನ್ನ ಹಾಸಿಗೆಯ ಪಕ್ಕ ಕೂತು, ಹೊದಿಕೆಯ ಕೆಳಗೆ ಕಾಲಿಲ್ಲದ ಜಾಗವನ್ನು ನೋಡಿ, ಬಹಳ ಹೊತ್ತು ತಲೆ ಅಲ್ಲಾಡಿಸಿದರು. "ಬೀಡಿ ಎಷ್ಟ ಕೆಟ್ಟದ್ದು ನೋಡ್ರಿ ಅಳ್ಯಾರ," ಎಂದರು. "ಬಿಟ್ಟ ಮ್ಯಾಲೂ ಕಾಲ ತಿಂತು." ದುಃಖಕ್ಕೆ ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಚಂಚಿ ಬಿಚ್ಚಿದರು, ತಿಕ್ಕಿದರು, ಮೊದಲು ನನ್ನ ಮುಂದೆ ಹಿಡಿದರು. ಹೆಂಡತಿ ಎದ್ದು ಹಿತ್ತಿಲಿಗೆ ಹೋದಳು. "ಈಗ ಬ್ಯಾಡ್ರಿ ಮಾವಾರ, ಗುಳಿಗಿ ತಗೊಂಡೇನಿ," ಎಂದೆ. ಅವರಿಗೆ ಇವತ್ತಿನವರೆಗೂ ನಾವು ಹೇಳಿಲ್ಲ. ಎಂಬತ್ತು ದಾಟಿದ ಜೀವಕ್ಕೆ ಹೇಳಿ ಏನು ಮಾಡುವುದು? ಅವರು ಹೋದ ಮೇಲೆ ಕೋಣೆಯಲ್ಲಿ ಉಳಿದ ವಾಸನೆಗೆ ನಾನು ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ.

ಗಾಯ ಮಾಯಿತು. ಜಮಖಂಡಿಯ ಡಾಕ್ಟರರು ಎಡಗಾಲಿನ ಮೇಲೆ ಬೆರಳಿಟ್ಟು ಹುಡುಕಿ, "ಸಣ್ಣಗ ಸಿಗಾಕತ್ತೈತಿ," ಎಂದರು. "ಇದರ ನಾಳ ಇನ್ನೂ ಪೂರಾ ಮುಚ್ಚಿಲ್ಲ. ಇದನ್ನ ಉಳಿಸಿಕೊಳ್ಳೂದು ನಿಮ್ಮ ಕೈಯಾಗೈತಿ. ಯಾವ ರೂಪದಾಗೂ ತಂಬಾಕ ಬ್ಯಾಡ. ಒಂದ ಚಿಟಿಕಿನೂ ಬ್ಯಾಡ." ಈ ಸಲ ಹಾಗೆ ಒಂದೊಂದನ್ನೂ ಬಿಡಿಸಿ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದು ಮಗ್ಗದ ಮೇಲೆ ಕೂತು ನೋಡಿದೆ. ಎಡಗಾಲಿನಿಂದ ಒಂದು ಹಲಗೆ ತುಳಿದೆ, ನೂಲು ಬಾಯಿ ತೆರೆಯಿತು, ಲಾಳಿ ಓಡಿತು. ಇನ್ನೊಂದು ಹಲಗೆಗೆ ಕೋಲು ಊರಿ ಒತ್ತಿದೆ. ಕೋಲು ಹಿಡಿದರೆ ಲಾಳಿಗೆ ಕೈಯಿಲ್ಲ, ಲಾಳಿ ಹಿಡಿದರೆ ಕೋಲಿಗೆ ಕೈಯಿಲ್ಲ. ದೋಸ್ತ ಬಂದು ಮೊಣಕಾಲಿಗೆ ಮರದ ತುಂಡು ಕಟ್ಟಿಕೊಟ್ಟ. ಅದರಿಂದ ತುಳಿದರೆ ಒತ್ತಿ ರಕ್ತ ಬಂತು. ಒಂದು ಬೆರಳಗಲ ನೆಯ್ದೆ, ಅದೂ ಸೊಟ್ಟ. ಕೋಲು ಎಸೆದು, ಬಾಯಿಗೆ ಬಂದಂತೆ ಬೈದೆ, ಮಗ್ಗವನ್ನು, ಡಾಕ್ಟರರನ್ನು, ದೇವರನ್ನು, ಎದುರಿಗೆ ಸಿಕ್ಕ ಹೆಂಡತಿಯನ್ನು. ಅವಳು ಬಂದು ಎಸೆದ ಕೋಲು ಎತ್ತಿ ಗೋಡೆಗೆ ಆನಿಸಿದಳು.

"ಏಳ್ರಿ ಮ್ಯಾಲ," ಎಂದಳು ಆಮೇಲೆ. "ನಾ ಕುಂದರ್ತೇನಿ."

ನಮ್ಮ ಮನೆಯಲ್ಲಿ ಹೆಂಗಸರು ನೂಲು ಸುತ್ತುವುದು, ಗಂಡಸರು ನೇಯುವುದು. ನನ್ನ ತಾಯಿ, ಅಜ್ಜಿ ಯಾರೂ ಕುಣಿಗೆ ಇಳಿದವರಲ್ಲ. ಆದರೆ ಇವಳು ನನ್ನ ಪಕ್ಕದಲ್ಲಿ ಕೂತು ಅಷ್ಟು ವರ್ಷ ನೋಡಿದವಳು. ಮೊದಲ ಸೀರೆಗೆ ಬಹಳ ದಿನ ಹಿಡಿಯಿತು, ಸಾವಕಾರ ಮೋರೆ ಸಿಂಡರಿಸಿದ. ಎರಡನೆಯದು ಪರವಾಗಿಲ್ಲ ಎನಿಸಿತು. ಈಗ ನಾನು ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಿ ಕೊಡುತ್ತೇನೆ, ಅವಳು ಲಾಳಿಯಲ್ಲಿಟ್ಟು ನೇಯುತ್ತಾಳೆ. ಮುಂಜಾನೆ ರೊಟ್ಟಿ ಬಡಿದಿಟ್ಟು ಕುಣಿಗೆ ಇಳಿದರೆ ಸಂಜೆಯವರೆಗೆ ಅಲ್ಲೇ. ಐವತ್ತರ ನಂತರ ಕಲಿತ ಮೈ, ಏಳುವಾಗ ಸೊಂಟ ಹಿಡಿದುಕೊಂಡು ಗೋಡೆಗೆ ಆತುಕೊಂಡು ಏಳುತ್ತಾಳೆ. ನನಗೆ ನೋಡಲಾಗುವುದಿಲ್ಲ, ನೋಡದೆ ಬೇರೆ ಕಡೆ ಹೋಗಲು ಕಾಲಿಲ್ಲ.

ಚಟ ಕಡಿಮೆಯಾಗಿದೆಯೇ ಎಂದು ಕೇಳುವವರಿದ್ದಾರೆ. ದಿನ ಕಳೆದಂತೆ ಕಡಿಮೆಯಾಗುತ್ತದೆ ಎಂದು ಡಾಕ್ಟರರು ಹೇಳಿದ್ದರು. ಕೆಲಸವಿದ್ದವನಿಗೆ ಆದೀತು. ನನಗೆ ದಿನವಿಡೀ ರಾಟಿಯ ಹಿಡಿಕೆ ತಿರುವುವುದೊಂದೇ ಕೆಲಸ, ಬಾಯಿ ಖಾಲಿ, ತಲೆ ಖಾಲಿ. ಇಲ್ಲದ ಕಾಲು ನೋಯುತ್ತದೆ, ಇಲ್ಲದ ಬೆರಳು ತಣ್ಣಗಾಗುತ್ತದೆ. ಅದಕ್ಕೆಲ್ಲ ಔಷಧ ಒಂದು ಚಿಟಿಕೆ ಎಂದು ಮೈ ಹೇಳುತ್ತಲೇ ಇರುತ್ತದೆ. ಎಡಗಾಲು ಉಳಿಸಿಕೊ ಎನ್ನುತ್ತಾರೆ. ಯಾತಕ್ಕೆ? ಒಂದು ಕಾಲಿಗೆ ಮಗ್ಗ ಓಡುವುದಿಲ್ಲ. ಕಟ್ಟೆಯವರೆಗೆ ಹೋಗಿ ಬರಲು ಒಂದು ಕಾಲು ಸಾಕಂತೆ. ಹೋಗಿ ಏನು ಮಾಡಲಿ ಕಟ್ಟೆಗೆ? ಇಂಥ ಮಾತು ಆಡಿದರೆ ಹೆಂಡತಿ ಬೈಯುತ್ತಾಳೆ, ಅದಕ್ಕೆ ಆಡುವುದಿಲ್ಲ.

ಕಳೆದ ಶ್ರಾವಣದಲ್ಲಿ ಅವಳ ಕೈ ಚುರುಕಾಯಿತು. ಮೊದಲು ನೀರಡಿಕೆ, ಸೊಂಟ, ಒಲೆ ಎಂದು ಏಳುತ್ತಿದ್ದವಳು ಈಗ ಏಳುವುದು ಕಡಿಮೆ. ಮಾತೂ ಕಡಿಮೆ. ನನ್ನ ಮಾತಿಗೆ "ಹೂಂ" ಎನ್ನುವುದು ಬಿಟ್ಟರೆ ಬಾಯಿ ತೆರೆಯಳು. ದಣಿವು ಎಂದುಕೊಂಡೆ. ಒಂದು ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಪವರ್‌ಲೂಮುಗಳೆಲ್ಲ ನಿಂತವು. ಗಾಳಿ ಅವಳ ಕಡೆಯಿಂದ ನನ್ನ ಕಡೆ ಬೀಸಿತು. ಕಂಡಿಕೆ ಕೊಡಲು ಬಗ್ಗಿದ್ದ ನಾನು ಹಾಗೇ ಉಳಿದೆ. ಆ ವಾಸನೆಯನ್ನು ಸಾವಿರ ವಾಸನೆಗಳ ನಡುವೆಯೂ ಗುರುತಿಸಬಲ್ಲೆ.

"ಬಾಯಿ ತಗಿ," ಎಂದೆ.

ಅವಳು ತೆಗೆಯಲಿಲ್ಲ. ಲಾಳಿ ಕೆಳಗಿಟ್ಟಳು.

"ಎಂದಿಂದ?"

ಸೆರಗಿನಿಂದ ತುಟಿ ಒರೆಸಿಕೊಂಡಳು. "ಸೊಂಟ ಹಿಡಿತೈತ್ರಿ," ಎಂದಳು. "ಇದನ್ನ ಇಟಗೊಂಡ್ರ ಗೊತ್ತಾಗಂಗಿಲ್ಲ. ಏಳೂದ ಬೇಕಾಗಂಗಿಲ್ಲ. ನೀವೂ ಹಂಗ ನೇಯ್ತಿದ್ರಲ್ಲ, ಎಷ್ಟ ಲಗೂ ಆಗ್ತಿತ್ತು." ಅವಳ ಕಣ್ಣು ತುಂಬಿತ್ತು. "ನಿಮ್ಮ ಮುಂದ ತಿನ್ನಬಾರದಂತ ಹಿತ್ತಲಕ್ಕ ಹೋಗಿ ಹಾಕ್ಕೊಂಡ ಬರ್ತಿದ್ದೇನ್ರಿ."

ಅವಳ ಎರಡೂ ಕಾಲು ಕುಣಿಯೊಳಗೆ ಇದ್ದವು. ಬಗ್ಗಿ ಆ ಕಾಲು ಹಿಡಿದು, ಬೆರಳು ತಣ್ಣಗಿವೆಯೇ ಎಂದು ಮುಟ್ಟಿ ನೋಡಬೇಕಿತ್ತು. ಉಗುಳು ಎಂದು ಕೂಗಬೇಕಿತ್ತು. ಅವಳು ಸೊಂಟದಲ್ಲಿ ಬಚ್ಚಿಟ್ಟುಕೊಂಡ ಚಂಚಿ ಕಿತ್ತು ಗಟಾರಕ್ಕೆ ಎಸೆಯಬೇಕಿತ್ತು. ಇದೆಲ್ಲ ಆಮೇಲೆ ಹೊಳೆದದ್ದು. ಆ ಗಳಿಗೆಯಲ್ಲಿ ನನ್ನ ಬಾಯಿ ನೀರಿನಿಂದ ತುಂಬಿತ್ತು, ಮತ್ತು ನಾನು ಅವಳ ಮುಂದೆ ಅಂಗೈ ಚಾಚಿದ್ದೆ.

ಅವಳು ನನ್ನ ಅಂಗೈ ನೋಡಿದಳು.

"ಒಂದ ಕಾಲ ಉಳದೈತ್ರಿ," ಎಂದಳು.

"ಗೊತ್ತೈತಿ," ಎಂದೆ. ಕೈ ಹಿಂದಕ್ಕೆ ತೆಗೆಯಲಿಲ್ಲ.